ಡಬ್ಬಿಗೆ ತಿಳಿಯದ ಕುಣಿ

ನನ್ನ ಅತ್ತೆ ಕಾಳವ್ವ ಆ ಶ್ರಾವಣದಲ್ಲಿ ದಿನಾ ಬಿದ್ದಳು ಎಂದು ಗೋಡೆಯ ಮೇಲಿನ ಡಬ್ಬಿ ಹೇಳುತ್ತಿತ್ತು. ಆಕೆ ಬಿದ್ದಿರಲಿಲ್ಲ. ಮಗ್ಗಕ್ಕೆ ಕೂತಿರುತ್ತಿದ್ದಳು, ಅಷ್ಟೆ. ಇಷ್ಟು ಸಣ್ಣ ಮಾತನ್ನು ಆ ಡಬ್ಬಿಗೆ ತಿಳಿಸಿ ಹೇಳುವುದು ನಮ್ಮ ಮನೆಯಲ್ಲಿ ಯಾರಿಂದಲೂ ಆಗಲಿಲ್ಲ.

ಎರಡು ಸಾವಿರದ ಎಂಟನೆಯ ಇಸವಿ. ಇಳಕಲ್ಲಿನ ನೇಕಾರರ ಓಣಿಯಲ್ಲಿ ನಮ್ಮ ಮನೆ. ನಾನು ಮಹಾನಂದಾ, ಹುನಗುಂದದ ಶಾಲೆಯೊಂದರಲ್ಲಿ ಟೀಚರು. ಗಂಡ ಅಮೀನಪ್ಪ ಸೀರೆಯ ಗಂಟು ಹೊತ್ತು ಬಾದಾಮಿ, ಬಾಗಲಕೋಟೆ ಎಂದು ಅಂಗಡಿ ಅಂಗಡಿ ತಿರುಗುವವನು. ಮೈದುನ ಸಚಿನ ನವನಗರದಲ್ಲಿ ರೂಮು ಮಾಡಿಕೊಂಡು, ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಲಿಸುತ್ತ, ತಾನೂ ಮೇಲಿನ ಓದು ಓದುತ್ತಿದ್ದ. ಮುಂಜಾನೆ ನಾವು ಬಸ್ಸು ಹತ್ತಿದರೆ ಮನೆ ಮುಟ್ಟುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯ ತನಕ ಮನೆಯೊಳಗೆ ಅತ್ತೆ ಮತ್ತು ಆಕೆಯ ಮಗ್ಗ.

ಅದು ಕುಣಿಮಗ್ಗ. ಪಡಸಾಲೆಯ ನೆಲದೊಳಗೆ ಸೊಂಟದಾಳದ ಕುಣಿ ತೋಡಿ, ಅದರ ದಂಡೆಯ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ನೇಯುವುದು. ಓಣಿಯಲ್ಲಿ ಅರ್ಧ ಜನ ಕರೆಂಟಿನ ಮಗ್ಗ ಹಾಕಿಕೊಂಡಿದ್ದರು. ಅತ್ತೆ ಮಾತ್ರ ತನ್ನ ಕುಣಿ ಬಿಟ್ಟು ಮೇಲೆ ಬರಲಿಲ್ಲ. ಕೆಂಪು ಸೆರಗನ್ನು ಮೈಸೀರೆಗೆ ಕೊಂಡಿ ಹಾಕಿ ಕೂಡಿಸುವುದು ಕೈಗೆ ಬಂದಂತೆ ಯಂತ್ರಕ್ಕೆ ಬರುವುದಿಲ್ಲ ಎಂಬುದು ಆಕೆಯ ಮಾತು. ಉಪ್ಪು, ಖಾರ, ಒಲೆ, ನೀರು ಎಲ್ಲಕ್ಕೂ ನನ್ನ ಜೊತೆ ಜಗಳಾಡಿದವಳು ಮಗ್ಗದ ಮೇಲೆ ಕೂತಾಗ ಜಗಳಾಡಿದ್ದು ನನಗೆ ನೆನಪಿಲ್ಲ. ನನಗೂ ಆಕೆ ಅಲ್ಲಿ ಕೂತಷ್ಟು ಹೊತ್ತು ಬಲು ಸುಖ.

ಆಷಾಢದಲ್ಲಿ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಆಕೆಗೆ ಚಕ್ಕರ ಬಂತು. ಬಿದ್ದವಳು ಬಿದ್ದಲ್ಲೇ ಇದ್ದಳು. ಮೇಲೆ ಮಳೆ. ಪಕ್ಕದ ಮನೆಯ ಲಾಲಬಿ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವವಳು. ಸುತ್ತಿದ ಕಂಡಿಕೆ ಕೊಡಲು ಸಂಜೆ ಬಂದು, ಕರೆದು ಕರೆದು, ಹಿತ್ತಲಿಗೆ ಹೋಗಿ ನೋಡಿದ್ದರಿಂದ ನಮ್ಮ ಅತ್ತೆ ನಮಗೆ ಉಳಿದಳು. ದವಾಖಾನೆಯಲ್ಲಿ ಡಾಕ್ಟರು, ಇದು ಮತ್ತೆ ಬರಬಹುದು, ಒಬ್ಬರನ್ನೇ ಬಿಡಬೇಡಿ ಎಂದರು. ಅಮೀನಪ್ಪ ನನ್ನ ಕಡೆ ನೋಡಿದ. ನೌಕರಿ ಬಿಡು ಎಂದು ಬಾಯಿಬಿಟ್ಟು ಹೇಳಲಿಲ್ಲ. ಬಾಯಿಬಿಟ್ಟು ಹೇಳಿದ್ದರೆ ನಾನೂ ಬಾಯಿಬಿಟ್ಟೇ ಉತ್ತರ ಕೊಡುತ್ತಿದ್ದೆ.

ಆಗ ಸಚಿನ ಡಬ್ಬಿ ತಂದ. ಸಾಬೂನಿನ ಡಬ್ಬಿಯಷ್ಟು ದೊಡ್ಡದು, ಅದಕ್ಕೊಂದು ವಾಯರು, ಕೆಳಗೆ ಹಳೆಯ ಕಂಪ್ಯೂಟರು, ಕರೆಂಟು ಹೋದರೆ ಇರಲೆಂದು ಬ್ಯಾಟರಿ.

“ಏನೋ ಇದು?” ಎಂದಳು ಅತ್ತೆ.

“ರಾಡಾರ್ ಬೇ. ವಿಮಾನ ಹುಡುಕ್ತಾರಲ್ಲ, ಅದರ ಮರಿ. ನಿನ್ನ ಮುಟ್ಟೂದಿಲ್ಲ, ಮೈಮ್ಯಾಲ ಏನೂ ಕಟ್ಟೂದಿಲ್ಲ, ಫೋಟೋನೂ ಹಿಡಿಯೂದಿಲ್ಲ. ಇದರೊಳಗಿಂದ ತೆರಿ ಬರ್ತಾವು, ನಿನ್ನ ಮೈಗೆ ಬಡದು ತಿರುಗಿ ಹೋಗ್ತಾವು. ನೀ ನಡದ್ರ ಒಂದ ನಮೂನಿ, ಕೂತ್ರ ಒಂದ ನಮೂನಿ, ಬಿದ್ರ ಒಂದ ನಮೂನಿ. ಬಿದ್ದಿ ಅಂದ್ರ ನಮ್ಮ ಮೂರೂ ಮಂದಿ ಫೋನಿಗೆ ಮೆಸೇಜ್ ಬರ್ತೈತಿ.”

“ಕಣ್ಣಿಲ್ಲ, ಕಿವಿ ಇಲ್ಲ. ಇದು ನನ್ನ ಕಾಯ್ತೈತಿ?”

“ನೀ ಅಲಗಾಡಿದ್ದು ಅದಕ್ಕ ತಿಳೀತೈತಿ ಬೇ.”

“ಹಂಗಾರ ನಮ್ಮ ಅತ್ತಿ ಜಾತೀದ ಐತಿ ಬಿಡು” ಎಂದು ನನ್ನ ಕಡೆ ನೋಡಿ ನಕ್ಕಳು.

ಬೀಳುವುದೆಂದರೆ ಏನೆಂದು ಡಬ್ಬಿಗೆ ಕಲಿಸಲು ಕಾಲೇಜಿನ ಹುಡುಗರನ್ನು ಗಾದಿಯ ಮೇಲೆ ಬೀಳಿಸಿ ಬೀಳಿಸಿ ತೋರಿಸಿದ್ದನಂತೆ. ಎಡಕ್ಕೆ, ಬಲಕ್ಕೆ, ಬೆನ್ನ ಮೇಲೆ, ಮೊಣಕಾಲ ಮೇಲೆ. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಬೀಳೂದ ಕಲಿಸಾಕೂ ಕಾಲೇಜ ಬೇಕಾತೇನೋ? ಇಲ್ಲಿ ಕರ್ಕೊಂಡ ಬಂದಿದ್ರ ನಮ್ಮ ಓಣಿ ಕುಡುಕ್ರು ಪುಕ್ಕಟೆ ಕಲಿಸ್ತಿದ್ರು.”

ಆ ಹುಡುಗರೆಲ್ಲ ಒಳ್ಳೆಯವರೇ ಇರಬೇಕು. ಆದರೆ ಅವರಲ್ಲಿ ಒಬ್ಬನೂ ಮಗ್ಗದ ಕುಣಿಗೆ ಇಳಿದವನಲ್ಲ. ಅದು ಯಾರ ಲಕ್ಷ್ಯಕ್ಕೂ ಬರಲಿಲ್ಲ, ನೇಕಾರನ ಮಗ ಸಚಿನನ ಲಕ್ಷ್ಯಕ್ಕೂ.

ಮರುದಿನವೇ ಪಾಠದ ನಡುವೆ ಪರ್ಸಿನಲ್ಲಿ ಫೋನು ಗುಂಯ್ ಎಂದಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ಬಿದ್ದಾರ. ನಾನು ಸೀಮೆಸುಣ್ಣ ಕೈಯಲ್ಲಿ ಹಿಡಿದೇ ಹೊರಗೆ ಓಡಿದೆ. ಬಸ್ಸಿಲ್ಲ. ಕಲ್ಲುಕ್ವಾರಿಗೆ ಹೊರಟಿದ್ದ ಜೀಪಿಗೆ ಕೈ ಮಾಡಿ, ಚಾಲಕನ ಬೆನ್ನು ಗುದ್ದುವುದೊಂದೇ ಬಾಕಿ, ಇಳಕಲ್ಲು ಮುಟ್ಟಿದೆ. ಬಾಗಿಲಲ್ಲಿ ನಿಂತಾಗ ಒಳಗಿಂದ ಲಾಳಿಯ ಟಕ್ ಟಕ್. ಅತ್ತೆ ತಲೆಯೆತ್ತಿ ನೋಡಿ ಕೇಳಿದಳು, “ಸಾಲಿ ಸೂಟಿ ಆತೇನ?”

ಆಮೇಲೆ ತಿಳಿಯಿತು. ಅತ್ತೆ ಮಗ್ಗಕ್ಕೆ ಇಳಿಯುವ ರೀತಿಯೇ ಹಾಗೆ. ಅಡ್ಡಮರದ ಮೇಲೆ ಒಂದು ಕೈ ಇಟ್ಟು, ಕಾಲೆರಡನ್ನೂ ಕುಣಿಯೊಳಗೆ ಒಗೆದು, ಧಪ್ ಎಂದು ಕುಳಿತುಬಿಡುವಳು. ಚಿಕ್ಕಂದಿನಿಂದ ಬಂದ ರೂಢಿ. ನಿಂತ ಮೈ ಒಮ್ಮೆಲೇ ನೆಲಕ್ಕೆ ಹೋಯಿತು, ಮತ್ತೆ ಮೇಲೆ ಏಳಲಿಲ್ಲ. ಡಬ್ಬಿಯ ಪಾಲಿಗೆ ಅದು ಬೀಳುವುದೇ. ಊಟಕ್ಕೆ ಎದ್ದು ಬಂದು ಮತ್ತೆ ಇಳಿದರೆ ಮತ್ತೆ ಬಿದ್ದಳು. ನೀರು ಕುಡಿದು ಇಳಿದರೆ ಮತ್ತೆ. ಜೀವಮಾನವೆಲ್ಲ ದುಡಿದ ಕೆಲಸಕ್ಕೆ ಅದು ಕಂಡುಕೊಂಡ ಹೆಸರು ಅದೊಂದೇ.

ನಮಗೊಂದು ಪದ್ಧತಿ ಬಿತ್ತು. ಮೆಸೇಜು ಬಂದ ಕೂಡಲೇ ನಾನು ಲಾಲಬಿಗೆ ಫೋನು ಮಾಡುವುದು, ಆಕೆ ಇಣುಕಿ ನೋಡಿ ಎಲ್ಲರಿಗೂ ತಿಳಿಸುವುದು. ಲಾಲಬಿಗೂ ಬೇಸರ, ಆದರೆ ಬೈದುಕೊಂಡೇ ಹೋಗಿ ನೋಡುವಳು.

ಒಂದು ಶ್ರಾವಣ ಸೋಮವಾರ ಅಮೀನಪ್ಪ ತಂಗಿಯ ಮನೆಗೆ ಹೋಗಿದ್ದ. ಶಿವಯೋಗ ಮಂದಿರದ ಹತ್ತಿರ ಹೊಲಮನೆ ಮಾಡುವ ಜನ ಅವರು, ಮಗ್ಗದ ಮುಖ ಕಂಡವರಲ್ಲ. ಫೋನನ್ನು ಚಾರ್ಜಿಗೆ ಹಾಕಿ, ತಂಗಿಯನ್ನು ಕರೆದುಕೊಂಡು ಮಹಾಕೂಟಕ್ಕೆ ದೇವರಿಗೆ ಹೋದ. ಮನೆಯಲ್ಲಿ ಉಳಿದವಳು ತಂಗಿಯ ಅತ್ತೆ ಶಿವಬಸವ್ವ. ಆ ಹೊತ್ತಿಗೇ ಮೆಸೇಜು, ಆ ಹೊತ್ತಿಗೇ ಲಾಲಬಿಯ ಫೋನು. ಶಿವಬಸವ್ವ ಎತ್ತಿದಳು. ಲಾಲಬಿ ಒಂದೇ ಉಸಿರಿಗೆ ಹೇಳಿ ಇಟ್ಟುಬಿಟ್ಟಳು: “ಕಾಳವ್ವಕ್ಕ ಕುಣ್ಯಾಗ ಅದಾಳ್ರಿ. ಇನ್ನ ಚಿಂತಿ ಇಲ್ಲ.”

ನಮ್ಮ ಓಣಿಯಲ್ಲಿ ಕುಣಿ ಎಂದರೆ ಮಗ್ಗ. ಉಳಿದ ಊರಿಗೆಲ್ಲ ಕುಣಿ ಎಂದರೆ ಹೆಣ ಹೂಳುವ ಗುಂಡಿ. ಶಿವಬಸವ್ವ ಎದೆ ಬಡಿದುಕೊಂಡಳು. ಮಣ್ಣು ಕೊಡುವುದಕ್ಕೂ ಹೇಳಿ ಕಳಿಸಲಿಲ್ಲವಲ್ಲ, ಇಳಿಸಿಯೇ ಬಿಟ್ಟರಲ್ಲ ಎಂದು ಬೈದಳಂತೆ. ಮಹಾಕೂಟಕ್ಕೆ ಒಬ್ಬನನ್ನು ಸುದ್ದಿಗೆ ಓಡಿಸಿ, ಸಿಕ್ಕ ಹೆಣ್ಣುಮಕ್ಕಳನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು, ಹೂವಿನ ಹಾರ ಹಿಡಿದು ಇಳಕಲ್ಲಿಗೆ ಬಂದಿಳಿದಳು. ಓಣಿಯ ತಿರುವಿನಲ್ಲೇ ಅಳು ಶುರು. ಪಡಸಾಲೆಗೆ ಬಂದರೆ ಅತ್ತೆ ಕುಣಿಯೊಳಗೆ ಕೂತು ಕಟ್ಟಿಹೋದ ಎಳೆ ಬಿಡಿಸುತ್ತಿದ್ದಳು.

“ನಿಲ್ಲಿಸಬ್ಯಾಡ್ರಿ ಬೀಗತ್ಯಾರ” ಎಂದಳಂತೆ. “ನಾ ಸತ್ತಾಗ ಯಾರ್ಯಾರು ಹೆಂಗ ಅಳ್ತಾರ ಅಂತ ಭಾಳ ದಿನದಿಂದ ನೋಡಬೇಕಂದಿದ್ದೆ. ಅತ್ತು ಆದಮ್ಯಾಲ ಉಂಡು ಹೋಗ್ರಿ.”

ಸುಳ್ಳು ಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚುತ್ತದೆ ಎಂದು ಎಲ್ಲರೂ ನಕ್ಕರು, ಉಂಡರು, ಹಾರವನ್ನು ದೇವರ ಫೋಟೋಕ್ಕೆ ಹಾಕಿ ಹೋದರು. ನಗದವನು ಅಮೀನಪ್ಪ ಒಬ್ಬನೇ. ಮಹಾಕೂಟದ ಹೊಂಡದ ದಂಡೆಯಲ್ಲಿ, ಒದ್ದೆ ಪಂಚೆಯಲ್ಲಿ ನಿಂತು, ತಾಯಿ ಸತ್ತಳೆಂದು ಕೇಳಿದವನು ಅವನು. ಯಾರದೋ ಫೋನು ಇಸಕೊಂಡು ಲಾಲಬಿಯನ್ನು ಕೇಳುವ ತನಕ ಅವನ ಪಾಲಿಗೆ ಆಕೆ ಸತ್ತೇ ಇದ್ದಳು. ಮನೆಗೆ ಬಂದು ತಾಯಿಯ ಕಾಲು ಹಿಡಿದುಕೊಂಡು ಕೂತ.

ಮುಂದಿನ ರವಿವಾರ ಸಚಿನ ಬಂದ. ಅತ್ತೆಯನ್ನು ಮಗ್ಗಕ್ಕೆ ಇಳಿಸಿ ಏರಿಸಿ, ಇದು ಬೀಳುವುದಲ್ಲ ಎಂದು ಡಬ್ಬಿಗೆ ಕಲಿಸಲು ನೋಡಿದ. ಕಲಿಯಿತು. ಕಲಿತ ಮೇಲೆ ತಾನೇ ಪಡಸಾಲೆಯಲ್ಲಿ ಗಾದಿ ಹಾಸಿ ಬಿದ್ದು ನೋಡಿದ. ಡಬ್ಬಿ ಸುಮ್ಮನಿತ್ತು. ಈಗ ಅದಕ್ಕೆ ಯಾರೂ ಬೀಳುವವರೇ ಇಲ್ಲ, ಎಲ್ಲರೂ ನೇಕಾರರು.

“ಹಂಗಾರ ಮಗ್ಗದ ಕಡೆ ನೋಡಲೇಬ್ಯಾಡ ಅಂತ ಹೇಳು” ಎಂದ ಅಮೀನಪ್ಪ.

“ಮಗ್ಗದಾಗ ಬಿದ್ರ?” ಎಂದೆ ನಾನು.

ಕಡೆಗೆ ಸಚಿನ ಒಂದು ದಾರಿ ಕಂಡುಹಿಡಿದ. ಡಬ್ಬಿಯನ್ನು ಮೊದಲಿದ್ದ ಹಾಗೆ ಮಾಡಿ, ತಾಯಿಗೇ ಹೇಳಿಕೊಟ್ಟ. “ಯವ್ವಾ, ನೀ ಧಪ್ ಅಂತ ಕೂಡಬ್ಯಾಡ. ಮೊದಲ ದಂಡಿಮ್ಯಾಲ ಕೂಡು. ಆಮ್ಯಾಲ ಒಂದ ಕಾಲು. ಆಮ್ಯಾಲ ಇನ್ನೊಂದು. ಸಾವಕಾಶ. ಹಂಗ ಮಾಡಿದ್ರ ಅದು ಕೂತಾರ ಅಂತ ತಿಳ್ಕೊಂತೈತಿ.”

“ನಾ ಹೆಂಗ ಕೂಡಬೇಕಂತ ಅದು ಹೇಳ್ತೈತೇನು?”

“ನನ್ನ ಸಲುವಾಗಿ ಬೇ.”

ಮಗ ಕೇಳಿದನೆಂದು ಆಕೆ ಹಾಗೇ ಮಾಡಹತ್ತಿದಳು. ನೋಡುವುದಕ್ಕೆ ನನ್ನಿಂದಾಗುತ್ತಿರಲಿಲ್ಲ. ಕಣ್ಣು ಮುಚ್ಚಿ ಇಳಿಯುತ್ತಿದ್ದ ಹೆಂಗಸು ಈಗ ದಂಡೆಯ ಮೇಲೆ ಕೂತು, ಮೊದಲು ಎಡಗಾಲೋ ಬಲಗಾಲೋ ಎಂದು ಯೋಚಿಸುವಳು. ಒಮ್ಮೊಮ್ಮೆ ನನ್ನನ್ನೇ ಕೇಳುವಳು, “ಮಾನಂದಾ, ನಾ ಹೆಂಗ ಇಳೀತಿದ್ದೆ?” ಗೊತ್ತಿದ್ದರೆ ಹೇಳುತ್ತಿದ್ದೆ. ಅಷ್ಟು ವರ್ಷ ನೋಡಿದರೂ ನಾನು ನೋಡಿರಲಿಲ್ಲ. ನನ್ನ ಸೊಸೆತನಕ್ಕಿಷ್ಟು ಬೆಂಕಿ ಬೀಳಲಿ ಎನಿಸಿತು.

ಗಣಪತಿ ಹಬ್ಬದ ಮುಂದೆ, ಹಾಗೆ ಸಾವಕಾಶ ಇಳಿಯುವಾಗಲೇ ಆಕೆಯ ಕಾಲು ತುಳಿಹಲಗೆಯ ಸಂದಿನಲ್ಲಿ ಸಿಕ್ಕಿತು. ದಂಡೆಯಿಂದ ಜಾರಿ, ಕುಣಿಯ ಗೋಡೆಗೆ ಮೈ ಉಜ್ಜಿಕೊಳ್ಳುತ್ತ, ಮೆಲ್ಲಗೆ ಒಳಗೆ ಕುಸಿದಳು. ಪಾದದ ಎಲುಬು ಮುರಿಯಿತು. ಡಬ್ಬಿ ಎಲ್ಲವನ್ನೂ ನೋಡಿತ್ತು. ಆಮೇಲೆ ಸಚಿನ ಕಂಪ್ಯೂಟರು ತೆಗೆದು ನೋಡಿದರೆ ಆ ಹೊತ್ತಿನ ಎದುರು ಇದ್ದ ಮಾತು: ಕೂತಾರ. ಆ ದಿನ ನಮ್ಮ ಯಾರ ಫೋನೂ ಅಲುಗಲಿಲ್ಲ. ನರಳುವುದು ಕೇಳಿ ಬಂದವಳು ಮತ್ತೆ ಲಾಲಬಿಯೇ.

ಅತ್ತೆಯ ಕಾಲಿಗೆ ಪ್ಲಾಸ್ಟರು ಹಾಕಿಸಿ ಬಂದ ಸಂಜೆ ಅಮೀನಪ್ಪ ಹೇಳಿದ, “ಮಗ್ಗ ತಗಸೋಣು. ಕುಣಿ ಮುಚ್ಚೋಣು.”

ನನಗೆ ತಲೆ ಕೆಟ್ಟಿತು. “ತಪ್ಪ ಮಾಡಿದ್ದು ಡಬ್ಬಿ. ಮಗ್ಗಕ್ಯಾಕ ಶಿಕ್ಷಾ? ಆ ಡಬ್ಬಿ ಕಿತ್ತ ಒಗೀರಿ ಮೊದಲ.”

“ಕಿತ್ತ ಒಗೀತೇನಿ. ನೀ ನಾಳಿಂದ ಮನ್ಯಾಗ ಇರ್ತೀಯೇನು?”

ಹೌದು ಎನ್ನಲು ಬಾಯಿ ತೆರೆದೆ. ಬರಲಿಲ್ಲ. ಹುನಗುಂದದ ಬಸ್ಸು, ನನ್ನ ಕ್ಲಾಸಿನ ಗದ್ದಲ, ಆ ಊಟದ ಬಿಡುವಿನಲ್ಲಿ ನಾನು ನಾನಾಗಿ ಕೂರುವ ಹೊತ್ತು, ಎಲ್ಲ ಕಣ್ಣ ಮುಂದೆ ಬಂತು. ಅದನ್ನು ಬಿಡಬೇಕಾದ್ದು ನಾನೇ ಏಕೆ ಎಂದು ಈಗಲೂ ಕೇಳುತ್ತೇನೆ. ಆತ ಸೀರೆಯ ಗಂಟು ಬಿಡುತ್ತಾನೆಯೇ? ಸಚಿನ ಕಾಲೇಜು ಬಿಡುತ್ತಾನೆಯೇ? ಇಬ್ಬರೂ ಬಿಡುವುದಿಲ್ಲ, ಬಿಟ್ಟರೆ ಹೊಟ್ಟೆಗೇನು? ಯಾರೂ ಕೆಟ್ಟವರಲ್ಲದ ಮನೆಯಲ್ಲಿ ಯಾರನ್ನು ಬೈಯುವುದು? ಅತ್ತೆ ಮಂಚದ ಮೇಲಿಂದ ನನ್ನ ಕಡೆ ನೋಡುತ್ತಿದ್ದಳು. ನಾನು ಸುಮ್ಮನಿದ್ದದ್ದನ್ನು ನೋಡಿದಳು.

“ಸೆರಗೊಂದ ಉಳದೈತಿ” ಎಂದಳು ಮಗನಿಗೆ. “ಕಾಲು ನೆಟ್ಟಗಾಗಲಿ, ಅದೊಂದ ಮುಗಸ್ತೇನಿ. ಆಮ್ಯಾಲ ಮುಚ್ಚ್ರಿ.”

“ಕಾಲು ನೆಟ್ಟಗಾದ್ರೂ ತುಳಿಯಾಂಗಿಲ್ಲ ಅಂದಾರ ಬೇ ಡಾಕ್ಟರು.”

ಆಕೆ ಮತ್ತೆ ಕೇಳಲಿಲ್ಲ. ನನ್ನ ಜೊತೆ ಒಂದು ಚಮಚ ಉಪ್ಪಿಗೆ ಇಡೀ ದಿನ ಜಗಳಾಡುವವಳು ಇದಕ್ಕೆ ಜಗಳಾಡಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ದಸರೆಗೆ ಮೊದಲು ಮಗ್ಗ ಬಿಚ್ಚಿದರು. ನೇಯ್ದಷ್ಟನ್ನು ಸುತ್ತಿ, ಉಳಿದ ಹಾಸಿನ ಎಳೆಗಳನ್ನು ಕತ್ತರಿಯಿಂದ ಕತ್ತರಿಸಿದವಳು ನಾನು. ಕೆಲಸದವರು ಹೊರಗಿಂದ ಕೆಂಪು ಮಣ್ಣು ತಂದು ಬುಟ್ಟಿಬುಟ್ಟಿಯಾಗಿ ಸುರಿಯತೊಡಗಿದರು. ಅತ್ತೆ ಕೋಲು ಊರಿಕೊಂಡು ಮಂಚದಿಂದ ಎದ್ದಳು. ಪ್ಲಾಸ್ಟರಿನ ಕಾಲು ಎಳೆಯುತ್ತ ದಂಡೆಯ ತನಕ ಬಂದು, ಬಗ್ಗಿ, ಒಂದು ಹಿಡಿ ಮಣ್ಣು ತೆಗೆದುಕೊಂಡಳು.

“ಏನ ಮಾಡ್ತಿ ಬೇ?” ಎಂದ ಅಮೀನಪ್ಪ.

“ಕುಣಿ ಮುಚ್ಚೂ ಮುಂದ ಮನಿ ಮಂದಿ ಒಂದೊಂದ ಹಿಡಿ ಹಾಕ್ತಾರಲ್ಲೋ. ನಾನೂ ಹಾಕ್ತೇನಿ.”

ಕೆಲಸದವರ ಕೈ ನಿಂತಿತು. ಲಾಲಬಿ ಓಡಿ ಬಂದು, “ಯಾ ಅಲ್ಲಾ, ಒಗಿಯಕ್ಕಾ, ಹಂಗ ಮಾಡಬಾರ್ದು” ಎಂದು ಆಕೆಯ ಮುಂಗೈ ಹಿಡಿದಳು. ಅವರ ಕಬರಸ್ತಾನದಲ್ಲೂ ಅದೇ ರೂಢಿ, ಆಕೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅತ್ತೆ ಕೈ ಬಿಡಿಸಿಕೊಂಡು ಮಣ್ಣು ಹಾಕಿದಳು. ನಂತರ ನನ್ನ ಕಡೆ ತಿರುಗಿ, ನೀನೂ ಹಾಕು ಎಂಬಂತೆ ನೋಡಿದಳು. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಪಡಸಾಲೆಗೆ ನುಣುಪು ಹಾಸುಗಲ್ಲು ಬಂತು. ಡಬ್ಬಿ ಶಾಂತವಾಯಿತು. ಒಂದೂ ಸುಳ್ಳು ಮೆಸೇಜು ಇಲ್ಲ. ಸಚಿನನ ಕಾಲೇಜಿನಲ್ಲಿ ದೊಡ್ಡ ಸರ್‌ಗಳು ಬೆನ್ನು ತಟ್ಟಿದರಂತೆ, ಧಾರವಾಡದಲ್ಲಿ ಅದರ ಮೇಲೆ ಭಾಷಣ ಮಾಡಿ ಬಂದ. ವಯಸ್ಸಾದವರು ಮನೆ ಬಿಟ್ಟು ಎಲ್ಲೋ ಹೋಗಿಬಿಡುತ್ತಾರೆಂದು ಅದಕ್ಕೆ ಹೊಸದೊಂದು ಮಾತು ಕಲಿಸಿದ. ಬಹಳ ಹೊತ್ತು ಮನೆಯೊಳಗೆ ಯಾರೂ ಓಡಾಡದಿದ್ದರೆ ಅದು ಖಾಲಿ ಎಂದು ಕಳಿಸುತ್ತದೆ. ಮತ್ತೆ ತನ್ನೆದುರು ಒಂದಿಷ್ಟು ಹೊತ್ತು ಬಿಡದೆ ಅಲುಗಾಟ ಕಂಡರೆ ಅದಾರ, ಅಂದರೆ ಇದ್ದಾರೆ, ಎಂದು ಕಳಿಸುತ್ತದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ನನಗೆ ಬಂತು: ಖಾಲಿ. ಲಾಲಬಿ ಯಾವುದೋ ಮದುವೆಗೆ ಹೋಗಿದ್ದಳು. ಕೇಳಲು ಯಾರೂ ಇಲ್ಲ. ಪ್ಲಾಸ್ಟರು ಬಿಚ್ಚಿದ ಮೇಲೂ ಕುಂಟುವ ಕಾಲು, ಮರೆಗುಳಿಯಾಗುತ್ತಿದ್ದ ಮನಸ್ಸು, ಊರ ಹೊರಗಿನ ಹೆದ್ದಾರಿಯ ಲಾರಿಗಳು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ರಸ್ತೆಯ ದಂಡೆಯಲ್ಲಿ ಆಕೆಯ ಸೀರೆ ಹುಡುಕಿದೆ.

ಮನೆಯ ಬಾಗಿಲು ತೆರೆದಿತ್ತು. ಅತ್ತೆ ಪಡಸಾಲೆಯಲ್ಲಿ, ಕುಣಿ ಇದ್ದ ಜಾಗದಲ್ಲಿ, ಹಾಸುಗಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಕೈ ಎರಡೂ ಮಡಿಲಲ್ಲಿ. ರೆಪ್ಪೆ ಬಡಿಯುತ್ತಿದ್ದಳೋ ಇಲ್ಲವೋ, ಹತ್ತಿರ ಹೋಗಿ ನೋಡಬೇಕಾಯಿತು.

“ಎಲ್ಲಿ ಹೋಗಿದ್ರಿ ಅತ್ತಿ?”

“ಎಲ್ಲಿ ಹೋಗ್ಲಿ?”

ಫೋನು ಬಡಿಯಿತು, ಸಚಿನ. ಅವನಿಗೂ ಮೆಸೇಜು ಹೋಗಿತ್ತು. ನಾನು ಹೇಳಿದ್ದು ಕೇಳಿ ನಿಟ್ಟುಸಿರು ಬಿಟ್ಟ. “ಹೆದರಬ್ಯಾಡ್ರಿ ಅತ್ತಿಗಿ. ಅದಕ್ಕ ಅಲಗಾಡೋದಷ್ಟ ಕಾಣತೈತಿ. ಭಾಳ ಹೊತ್ತು ಅಲಗದ ಕೂತ್ರ ಗ್ವಾಡಿನೋ ಮನಷ್ಯಾನೋ ಗೊತ್ತಾಗೂದಿಲ್ಲ. ಅವ್ವಗ ಹೇಳ್ರಿ, ಆಗಾಗ ಡಬ್ಬಿ ಮುಂದ ಕೈ ಆಡಸ್ತಿರು ಅಂತ.”

“ಏನಂತಾನ?” ಎಂದಳು ಅತ್ತೆ.

“ಮನಿ ಖಾಲಿ ಅಂತ ಬಂದಿತ್ರಿ. ನೀವು ಆಗಾಗ ಕೈ ಆಡಸ್ಬೇಕಂತ.”

ಆಕೆ ತನ್ನ ಕೈಗಳನ್ನು ನೋಡಿಕೊಂಡಳು. “ಯಾತಕ್ಕ ಆಡಸ್ಲಿ?” ಎಂದು ಕೇಳಿದಳು. ಸಿಟ್ಟಿರಲಿಲ್ಲ, ನಗೆಯೂ ಇರಲಿಲ್ಲ. ಖರೆ ಖರೆ ಕೇಳಿದ್ದಳು. ಜಗಳಕ್ಕಾದರೂ ಬರಲಿ ಎಂದು ಸಾರಿಗೆ ಉಪ್ಪು ಹೆಚ್ಚಾಗಿತ್ತೇ ಎಂದು ಕೇಳಿದೆ. ಬರೋಬರಿ ಇತ್ತು ಎಂದಳು.

ಅತ್ತ ಸಚಿನ ಫೋನು ಇಟ್ಟು, ಡಬ್ಬಿಯ ಮೆಸೇಜಿಗೆ ಕಾಯುತ್ತಿದ್ದ. ನಾನು ಎದ್ದು ಗೋಡೆಯ ಮುಂದೆ ನಿಂತು, ಡಬ್ಬಿಗೆ ಕಾಣುವಂತೆ ನನ್ನ ಕೈಗಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಲೇ ಇದ್ದೆ. ತುಸು ಹೊತ್ತಿಗೆ ಅವನ ಫೋನು ಬಂತು. ದನಿಯಲ್ಲಿ ಸಂತೋಷ ತುಂಬಿತ್ತು.

“ಬಂತು ನೋಡ್ರಿ ಅತ್ತಿಗಿ. ಅವ್ವ ಅದಾಳ.”